ಮೆಂಫಿಸ್, 1968: ಸಂಬಳ ಚೀಟಿಯ ಒಂದು ಸಾಲಿಗಾಗಿ 65 ದಿನ

1968ರ ಫೆಬ್ರವರಿ 1, ಗುರುವಾರ. ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಸಂಜೆ ಹೊತ್ತಿಗೆ ಜೋರು ಮಳೆ. ಕಸದ ಲಾರಿಯೊಂದು ದಿನದ ಕೆಲಸ ಮುಗಿಸಿ ಹೊರಟಿತ್ತು. ಮುಂದಿನ ಕ್ಯಾಬಿನ್ನಿನಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಬಿಳಿಯರ ಬಡಾವಣೆಯಲ್ಲಿ ಯಾರದೋ ಮನೆಯ ಸೂರಿನಡಿ ನಿಲ್ಲುವ ಹಾಗೂ ಇರಲಿಲ್ಲ, ಕಪ್ಪು ಕೂಲಿಯವರು ಮನೆ ಮುಂದೆ ನಿಂತರೆ ದೂರು ಹೋಗುತ್ತಿತ್ತು. ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಲಾರಿಯ ಹಿಂದೆ, ಕಸ ಅದುಮುವ ಪೀಪಾಯಿಯೊಳಗೇ ಮುದುಡಿ ಕೂತರು. ದಾರಿಯಲ್ಲಿ ಯಂತ್ರ ತಾನಾಗಿ ಚಾಲೂ ಆಯಿತು. ಚಾಲಕ ಲಾರಿ ನಿಲ್ಲಿಸಿ ಗುಂಡಿ ಒತ್ತಿದ, ಯಂತ್ರ ನಿಲ್ಲಲಿಲ್ಲ. ಕೋಲ್‌ಗೆ 36 ವರ್ಷ, ವಾಕರ್‌ಗೆ 30. ವಾಕರ್‌ನ ಹೆಂಡತಿ ಆಗ ಬಸುರಿ.

ಈ ಬಗೆಯ ಹಳೆಯ ಲಾರಿಗಳು ಅಪಾಯ ಎಂದು ಕಾರ್ಮಿಕರು ಮೊದಲಿಂದ ಹೇಳುತ್ತಲೇ ಬಂದಿದ್ದರು. ಸತ್ತವರು ಗಂಟೆ ಲೆಕ್ಕದ ಕೂಲಿಯವರಾದ್ದರಿಂದ ಅವರ ಕುಟುಂಬಗಳಿಗೆ ಅಪಘಾತ ಪರಿಹಾರದ ಹಕ್ಕು ಇರಲಿಲ್ಲ. ಒಂದೊಂದು ಮನೆಗೆ ಒಂದು ತಿಂಗಳ ಸಂಬಳ, ಮಣ್ಣು ಮಾಡುವ ಖರ್ಚಿಗೆ 500 ಡಾಲರ್. ನಗರಾಡಳಿತ ಕೊಟ್ಟದ್ದು ಅಷ್ಟೇ.

ಹನ್ನೊಂದು ದಿನದ ನಂತರ, ಫೆಬ್ರವರಿ 12ರ ಸೋಮವಾರ, ಸುಮಾರು 1,300 ಮಂದಿ ಕೆಲಸಕ್ಕೆ ಬರಲಿಲ್ಲ. ಗುಲಾಮಗಿರಿ ರದ್ದು ಮಾಡಿದ ಅಧ್ಯಕ್ಷ ಲಿಂಕನ್ ಹುಟ್ಟಿದ ದಿನ ಅದು. ಮುಷ್ಕರ ಮುಗಿದದ್ದು ಏಪ್ರಿಲ್ 16ಕ್ಕೆ. ನಡುವಿನ 65 ದಿನಗಳಲ್ಲಿ ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಆ ಸಾವು ಎಷ್ಟು ದೊಡ್ಡದೆಂದರೆ, ಮೆಂಫಿಸ್ ಎಂದೊಡನೆ ನಮಗೆ ಅವರು ಗುಂಡೇಟಿಗೆ ಬಿದ್ದ ಹೋಟೆಲಿನ ಮೊಗಸಾಲೆ ನೆನಪಾಗುತ್ತದೆಯೇ ಹೊರತು ಕಸದ ಲಾರಿ ನೆನಪಾಗುವುದಿಲ್ಲ. ಈ ಬರಹದಲ್ಲಿ ನಾನು ಲಾರಿಯವರ ಹಿಂದೆ ಹೋಗುತ್ತೇನೆ. ಅವರು ಕೇಳಿದ್ದೇನು, ಮೇಯರ್ ಕೊನೆಯವರೆಗೂ ಕೊಡಲೊಲ್ಲೆ ಎಂದದ್ದು ಯಾವುದನ್ನು, ಕೊನೆಗೆ ಸಿಕ್ಕಿದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ ಸಂಬಳ ಚೀಟಿಯ ಒಂದೇ ಒಂದು ಸಾಲಿನ ಹತ್ತಿರ ಬಂದು ನಿಲ್ಲುತ್ತೇವೆ.

ತಲೆಯ ಮೇಲೆ ಸೋರುವ ತೊಟ್ಟಿ

ಮೆಂಫಿಸ್ ಮಿಸಿಸಿಪ್ಪಿ ನದಿದಂಡೆಯ ಹತ್ತಿ ವ್ಯಾಪಾರದ ಊರು. ಸುತ್ತಲ ಹತ್ತಿ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದ ಕಪ್ಪು ಕುಟುಂಬಗಳು ಬದುಕು ಹುಡುಕಿ ಪಟ್ಟಣಕ್ಕೆ ಬಂದಾಗ ಗಂಡಸರಿಗೆ ಸುಲಭವಾಗಿ ಸಿಗುತ್ತಿದ್ದ ಕೆಲಸಗಳಲ್ಲಿ ಕಸ ಎತ್ತುವುದೂ ಒಂದು. ನಾವು ಇವತ್ತು ಪೌರಕಾರ್ಮಿಕ ಎನ್ನುವ ಕೆಲಸವೇ ಅದು. ಆದರೆ ಮೆಂಫಿಸ್‌ನಲ್ಲಿ ಮನೆಯವರು ಕಸವನ್ನು ಬೀದಿಗೆ ತಂದಿಡುತ್ತಿರಲಿಲ್ಲ. ಕಾರ್ಮಿಕನೇ ಹಿತ್ತಿಲಿಗೆ ಹೋಗಿ, ಡಬ್ಬಗಳಲ್ಲಿದ್ದದ್ದನ್ನು ತನ್ನ ತೊಟ್ಟಿಗೆ ಸುರಿದುಕೊಂಡು, ತಲೆಯ ಮೇಲೋ ಹೆಗಲ ಮೇಲೋ ಹೊತ್ತು ಲಾರಿಗೆ ತರಬೇಕು. ತೊಟ್ಟಿಗಳಲ್ಲಿ ತೂತು. ಕೊಳೆತ ನೀರು, ಹುಳು ಕುತ್ತಿಗೆಯ ಮೇಲಿಳಿದು ಅಂಗಿಯೊಳಗೆ ಸೇರುತ್ತಿದ್ದವು. ಸಂಜೆ ಮನೆಗೆ ಹೋದರೆ ಬಾಗಿಲಲ್ಲೇ ಬಟ್ಟೆ ಕಳಚಿ ಒಳಗೆ ಕಾಲಿಡುತ್ತಿದ್ದೆವು ಎಂದು ಎಷ್ಟೋ ಮಂದಿ ಮುಂದೆ ಹೇಳಿಕೊಂಡಿದ್ದಾರೆ.

ಆ ವರ್ಷ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್ 60 ಸೆಂಟ್. ಇವರಲ್ಲಿ ಬಹುತೇಕರಿಗೆ ಸಿಗುತ್ತಿದ್ದದ್ದು ಅದರ ಆಸುಪಾಸು. ಹೊತ್ತು ಮೀರಿ ದುಡಿದರೂ ಹೆಚ್ಚಿನ ಕೂಲಿ ಇಲ್ಲ. ನಗರದ ನೌಕರಿಯಲ್ಲಿದ್ದೂ ಸರ್ಕಾರದ ಬಡವರ ನೆರವಿಗೆ ಅರ್ಹರಾಗುವಷ್ಟು ಕಡಿಮೆ ವರಮಾನದ ಮನೆಗಳು ಅವರಲ್ಲಿ ಬಹಳ ಇದ್ದವು. ಮೇಸ್ತ್ರಿಗಳು ಬಿಳಿಯರು. ಲಾರಿ ದುರಂತಕ್ಕೆ ಒಂದೆರಡು ದಿನ ಮುಂಚೆ, ಮಳೆ ಬಂತೆಂದು ಚರಂಡಿ ವಿಭಾಗದ 22 ಕಪ್ಪು ಕಾರ್ಮಿಕರನ್ನು ಎರಡು ಗಂಟೆಯ ಕೂಲಿ ಕೊಟ್ಟು ಮನೆಗೆ ಕಳಿಸಿದರು. ಬಿಳಿ ಮೇಲ್ವಿಚಾರಕರಿಗೆ ಇಡೀ ದಿನದ ಸಂಬಳ. ಮುಷ್ಕರದ ಮೊದಲ ಕಿಡಿ ಅದು.

ಸಂಘ ಕಟ್ಟುವ ಯತ್ನ ಹೊಸದಾಗಿರಲಿಲ್ಲ. ಟಿ. ಒ. ಜೋನ್ಸ್ ಎಂಬ ಕಾರ್ಮಿಕ 1963ರಲ್ಲೇ ಸಭೆ ಕರೆದಿದ್ದ. ಯಾರೋ ಒಳಗಿನ ಸುದ್ದಿ ಮುಟ್ಟಿಸಿದರು, ಜೋನ್ಸ್ ಸೇರಿ 33 ಮಂದಿಯ ಕೆಲಸ ಹೋಯಿತು. ಜೋನ್ಸ್ ಬಿಡಲಿಲ್ಲ. ಮರುವರ್ಷ ಸರ್ಕಾರಿ ನೌಕರರ ರಾಷ್ಟ್ರೀಯ ಒಕ್ಕೂಟದಿಂದ 1733ನೇ ಸ್ಥಳೀಯ ಶಾಖೆಗೆ ಮಾನ್ಯತೆ ತಂದ. 1966ರಲ್ಲಿ ಮುಷ್ಕರಕ್ಕೆ ಸಿದ್ಧತೆ ನಡೆದಾಗ ನಗರಾಡಳಿತ ಮೊದಲೇ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು, ಮುಷ್ಕರ ಮೇಲೇಳಲೇ ಇಲ್ಲ. ಹೀಗೆ 1968ರ ಹೊತ್ತಿಗೆ ಹೆಸರಿಗೊಂದು ಸಂಘ ಇತ್ತು. ಅದರ ಜೊತೆ ನಗರ ಮಾತಾಡುತ್ತಿರಲಿಲ್ಲ. ಚಂದಾ ಕೊಡುವವರು ಬೆರಳೆಣಿಕೆಯಷ್ಟು, ಏಕೆಂದರೆ ಚಂದಾ ಕೊಡುವುದನ್ನು ಯಾರಾದರೂ ಕಂಡರೆ ಕೆಲಸಕ್ಕೆ ಕುತ್ತು.

ಚಂದಾ ಎಂಬ ಗಂಟು

ಬೇಡಿಕೆಪಟ್ಟಿಯಲ್ಲಿ ಕೂಲಿ ಏರಿಕೆ, ಹೊತ್ತು ಮೀರಿದ ಕೆಲಸಕ್ಕೆ ಹಣ, ಸುರಕ್ಷಿತ ಲಾರಿ, ದೂರು ಹೇಳಿಕೊಳ್ಳಲು ಒಂದು ಕ್ರಮ, ಎಲ್ಲವೂ ಇದ್ದವು. ಇವುಗಳ ಬಗ್ಗೆ ಮಾತಾಡಲು ಮೇಯರ್ ಹೆನ್ರಿ ಲೋಬ್ ಸಿದ್ಧರಿದ್ದರು. ಎರಡು ಬೇಡಿಕೆಗಳಿಗೆ ಮಾತ್ರ ಅವರು ಕಲ್ಲಾಗಿ ನಿಂತರು. ಒಂದು, ಸಂಘವನ್ನು ಮಾನ್ಯ ಮಾಡಿ ಒಪ್ಪಂದಕ್ಕೆ ರುಜು ಹಾಕುವುದು. ಇನ್ನೊಂದು, ಸಂಘದ ಚಂದಾವನ್ನು ನಗರವೇ ಸಂಬಳದಲ್ಲಿ ಹಿಡಿದು ಸಂಘಕ್ಕೆ ಕಳಿಸುವುದು.

ಎರಡನೆಯದು ಕಚೇರಿಯ ಲೆಕ್ಕಪತ್ರದ ಸಣ್ಣ ವಿಷಯದಂತೆ ಕಾಣುತ್ತದೆ. ಇಡೀ ಪ್ರಕರಣದ ಜೀವ ಇರುವುದು ಅಲ್ಲೇ ಎಂದು ನನ್ನ ನಂಬಿಕೆ. ಚಂದಾವನ್ನು ಡಬ್ಬಿ ಹಿಡಿದು ಎತ್ತಬೇಕಾದರೆ ತಿಂಗಳು ತಿಂಗಳೂ ಒಬ್ಬೊಬ್ಬನೂ ಮೇಸ್ತ್ರಿಯ ಕಣ್ಣೆದುರು ತನ್ನ ಹೆಸರು ತೋರಿಸಿಕೊಳ್ಳಬೇಕು. ಹತ್ತಿಪ್ಪತ್ತು ಜನ ಹೆದರಿ ಹಿಂದೆ ಸರಿದರೆ ಸಂಘ ಸೊರಗುತ್ತದೆ. 1963ರಿಂದ ಮೆಂಫಿಸ್‌ನಲ್ಲಿ ಆಗಿದ್ದೇ ಅದು. ಅದೇ ಚಂದಾ ಸಂಬಳ ಚೀಟಿಯಲ್ಲಿ ಒಂದು ಸಾಲಾಗಿ ಬಂದರೆ, ಈ ಸಂಘ ಇದೆ ಎಂದು ನಗರವೇ ತಿಂಗಳಿಗೊಮ್ಮೆ ಬರೆದುಕೊಟ್ಟಂತೆ. ಮೇಯರ್ ಬದಲಾದರೂ ಮೇಸ್ತ್ರಿ ಬದಲಾದರೂ ಆ ಸಾಲು ಉಳಿಯುತ್ತದೆ. ಇದನ್ನು ಕಾರ್ಮಿಕರೂ ಅರಿತಿದ್ದರು, ಲೋಬ್ ಕೂಡ ಅರಿತಿದ್ದರು.

ಲೋಬ್ ಅವರನ್ನು ಬರೀ ಕ್ರೂರಿ ಎಂದು ಬರೆದರೆ ಪ್ರಕರಣ ಅರ್ಥವಾಗುವುದಿಲ್ಲ. ಹಿಂದೊಮ್ಮೆ ಅವರು ಇದೇ ಇಲಾಖೆಯ ಮುಖ್ಯಸ್ಥರಾಗಿದ್ದವರು. ಈ ಜನರನ್ನು ತಾನು ಬಲ್ಲೆ, ಅವರ ಕಷ್ಟಸುಖ ನೋಡಿಕೊಳ್ಳುವುದು ತನ್ನ ಹೊಣೆ ಎಂದು ಮನಸಾರೆ ನಂಬಿದ್ದರು. ತನ್ನ ಕೋಣೆಯ ಬಾಗಿಲು ತೆರೆದಿದೆ, ಯಾರು ಬೇಕಾದರೂ ಬಂದು ಹೇಳಿಕೊಳ್ಳಲಿ ಎನ್ನುತ್ತಿದ್ದರು. ಹತ್ತಿ ಹೊಲದಲ್ಲಿ ದುಡಿದು ಬಂದವರಿಗೆ ಈ ಮಾತು ಹೊಸದಲ್ಲ. ಅಲ್ಲೂ ಧಣಿಯ ಬಾಗಿಲು ತೆರೆದೇ ಇರುತ್ತಿತ್ತು, ಟೋಪಿ ಕಳಚಿ ಹೋಗಿ ನಿಂತರೆ ಧಣಿ ಮನಸ್ಸಿದ್ದರೆ ಕೊಡುತ್ತಿದ್ದ. ಕೇಳುವ ಹಕ್ಕು ಬೇರೆ, ಬೇಡುವ ಅವಕಾಶ ಬೇರೆ. ಮುಷ್ಕರದ ಎರಡನೇ ದಿನ ಸಭಾಂಗಣದಲ್ಲಿ ಸೇರಿದ್ದ ಕಾರ್ಮಿಕರ ಮುಂದೆ ಲೋಬ್ ನಿಂತು, ಇದು ಕಾನೂನುಬಾಹಿರ, ನಾಳೆ ಕೆಲಸಕ್ಕೆ ಹೋಗಿ ಎಂದು ಅಪ್ಪಣೆ ಕೊಟ್ಟರು. ಸಭೆ ನಕ್ಕಿತು. ಆ ನಗುವನ್ನು ಅವರು ನಿರೀಕ್ಷಿಸಿರಲಿಲ್ಲ.

ಕಾಲವೂ ಅನುಕೂಲವಾಗಿರಲಿಲ್ಲ. ಕಸದ ಮುಷ್ಕರ ಹೂಡುವವರು ಬೇಸಿಗೆ ಕಾಯುತ್ತಾರೆ, ಊರೇ ನಾರಿದರೆ ಆಡಳಿತ ಬೇಗ ಮಣಿಯುತ್ತದೆ. ಇವರು ಫೆಬ್ರವರಿಯ ಚಳಿಯಲ್ಲಿ ಹೊರಬಿದ್ದರು. ರಾಷ್ಟ್ರೀಯ ಒಕ್ಕೂಟದ ಮುಖಂಡರನ್ನು ಕೇಳಲೂ ಇಲ್ಲ. ಸುದ್ದಿ ತಲುಪಿದಾಗ ಮುಖಂಡರು ತಲೆ ಮೇಲೆ ಕೈಹೊತ್ತರು, ಆಮೇಲೆ ವಿಮಾನ ಹತ್ತಿ ಬಂದರು. ನ್ಯೂಯಾರ್ಕಿನ ಕಸದ ಕಾರ್ಮಿಕರ ಒಂಬತ್ತು ದಿನದ ಮುಷ್ಕರ ಆಗಷ್ಟೇ, ಫೆಬ್ರವರಿ 10ಕ್ಕೆ ಮುಗಿದಿತ್ತು. ಉತ್ತರದ ದೊಡ್ಡ ಊರಿನ ರೋಗ ನಮ್ಮೂರಿಗೂ ಬಂತು ಎಂಬ ಸಿಟ್ಟು ಬಿಳಿ ಮೆಂಫಿಸ್‌ಗೆ ಆಯಿತು. ಲೋಬ್‌ಗೆ ಅಭಿನಂದನೆಯ ಪತ್ರಗಳು ಬಂದು ಬೀಳತೊಡಗಿದವು.

ಪಾದ್ರಿಗಳು ಬೀದಿಗಿಳಿದದ್ದು

ಫೆಬ್ರವರಿ 22ರಂದು ನೂರಾರು ಕಾರ್ಮಿಕರು ನಗರ ಮಂಡಳಿಯ ಸಭಾಂಗಣದಲ್ಲೇ ಕೂತರು. ಬ್ರೆಡ್ಡು, ಮಾಂಸದ ಹೋಳು ತಂದು ಅಲ್ಲೇ ತಿಂಡಿ ಕಟ್ಟಿ ಹಂಚಿದರು. ಮಂಡಳಿಯ 13 ಸದಸ್ಯರಲ್ಲಿ ಕಪ್ಪು ಜನಾಂಗದವರು ಮೂವರು. ಅವರಲ್ಲೊಬ್ಬರಾದ ಫ್ರೆಡ್ ಡೇವಿಸ್ ಅಧ್ಯಕ್ಷತೆಯ ಉಪಸಮಿತಿ ಸಂಘವನ್ನು ಮಾನ್ಯ ಮಾಡಬಹುದೆಂದು ಶಿಫಾರಸು ಮಾಡಿತು. ಮರುದಿನ ಪೂರ್ಣ ಮಂಡಳಿ ಸೇರಿ, ಇದು ಮೇಯರ್ ಒಬ್ಬರ ಅಧಿಕಾರಕ್ಕೆ ಸೇರಿದ್ದು ಎಂದು ಕೈತೊಳೆದುಕೊಂಡಿತು.

ಸಭೆಯಿಂದ ಹೊರಬಂದವರು ಮುಖ್ಯ ಬೀದಿಯಲ್ಲಿ ಮೆರವಣಿಗೆ ಹೊರಟಾಗ ಪೊಲೀಸ್ ಕಾರುಗಳು ಅವರನ್ನು ಅಂಚಿಗೆ ಒತ್ತುತ್ತ ಬಂದವು. ಒಂದು ಕಾರು ಮಹಿಳೆಯೊಬ್ಬರ ಪಾದದ ಮೇಲೆ ಹತ್ತಿತು, ಕೆಲವರು ಕಾರನ್ನು ಹಿಡಿದು ಅಲುಗಾಡಿಸಿದರು. ಅಷ್ಟಾದದ್ದೇ ತಡ, ಪೊಲೀಸರು ಕಣ್ಣು ಮೂಗು ಉರಿಸುವ ಮೇಸ್ ಎಂಬ ದ್ರಾವಣವನ್ನು ಸಿಕ್ಕಸಿಕ್ಕವರ ಮುಖಕ್ಕೆ ಸಿಂಪಡಿಸಿದರು. ಮೆರವಣಿಗೆಯಲ್ಲಿ ಊರಿನ ಪಾದ್ರಿಗಳೂ ಇದ್ದರು. ಎಚ್. ರಾಲ್ಫ್ ಜಾಕ್ಸನ್ ಅವರಂಥ ಹಿರಿಯ, ಮೆತ್ತಗಿನ ಪಾದ್ರಿಗೂ ಬಿತ್ತು. ಅಲ್ಲಿಯವರೆಗೆ ಮಧ್ಯಮ ವರ್ಗದ ಕಪ್ಪು ಸಮಾಜಕ್ಕೆ ಈ ಮುಷ್ಕರ ಕಸದವರ ಪಾಡು. ಕಣ್ಣುರಿ ತಾಗಿದ ಮೇಲೆ, ಪಾದ್ರಿಯ ಅಂಗಿಗೂ ಕಸದವನ ಅಂಗಿಗೂ ಪೊಲೀಸರ ಕಣ್ಣಲ್ಲಿ ವ್ಯತ್ಯಾಸವಿಲ್ಲವೆಂದು ಅವರಿಗೆ ಗೊತ್ತಾಯಿತು.

ಮರುದಿನ ನ್ಯಾಯಾಲಯ ಸಂಘದ ಮುಖಂಡರು ಮುಷ್ಕರ ನಡೆಸದಂತೆ ತಡೆಯಾಜ್ಞೆ ಕೊಟ್ಟಿತು. 1966ರಲ್ಲಿ ಇದೇ ಅಸ್ತ್ರ ಕೆಲಸ ಮಾಡಿತ್ತು. ಈ ಸಲ ಅದೇ ದಿನ ಪಾದ್ರಿಗಳು ಸೇರಿ ಸಮಾನತೆಯ ಹೋರಾಟಕ್ಕೊಂದು ಸಮಿತಿ ಕಟ್ಟಿದರು. ಸಂಘದವರ ಬಾಯಿ ಕಟ್ಟಿದರೆ ಚರ್ಚಿನ ವೇದಿಕೆ ಮಾತಾಡುತ್ತಿತ್ತು. ಅಧ್ಯಕ್ಷರಾದವರು ಜೇಮ್ಸ್ ಲಾಸನ್. ಕೊರಿಯಾ ಯುದ್ಧಕ್ಕೆ ಸೇರಲೊಪ್ಪದೆ ಜೈಲು ಕಂಡಿದ್ದ ಲಾಸನ್ 1953ರಿಂದ 1956ರವರೆಗೆ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದರು. ಗಾಂಧಿಯವರ ಸತ್ಯಾಗ್ರಹವನ್ನು ಈ ನೆಲದಲ್ಲೇ ಓದಿ ತಿಳಿದುಕೊಂಡು ಹೋದರು. ಆಮೇಲೆ ನ್ಯಾಶ್‌ವಿಲ್ ಊರಿನ ವಿದ್ಯಾರ್ಥಿಗಳಿಗೆ, ಹೊಡೆದರೂ ಉಗಿದರೂ ಕೈ ಎತ್ತದೆ ಕೂರುವ ತಾಲೀಮು ಕೊಟ್ಟವರು ಅವರೇ. 2024ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಲಾಸನ್ ಅವರ ಸಮಿತಿ ಪೇಟೆಯ ಅಂಗಡಿಗಳನ್ನು ಬಹಿಷ್ಕರಿಸಲು ಕರೆಕೊಟ್ಟಿತು. ಚಳಿಯಲ್ಲಿ ಕಸ ನಾರದಿದ್ದರೇನು, ಈಸ್ಟರ್ ಹಬ್ಬಕ್ಕೆ ಹೊಸ ಬಟ್ಟೆ ಮಾರಾಟವಾಗದಿದ್ದರೆ ವ್ಯಾಪಾರಿಗೆ ಬಿಸಿ ತಟ್ಟುತ್ತದೆ. ಆ ವರ್ಷ ಈಸ್ಟರ್ ಏಪ್ರಿಲ್ 14ಕ್ಕಿತ್ತು. ಊರಿನ ಎರಡು ಬಿಳಿ ಪತ್ರಿಕೆಗಳನ್ನೂ ಕೊಳ್ಳದಿರಲು ಕರೆ ಹೋಯಿತು. ಕಾರ್ಮಿಕರು ಕ್ಲೇಬೋರ್ನ್ ಟೆಂಪಲ್ ಎಂಬ ಚರ್ಚಿನಲ್ಲಿ ಸೇರಿ ಪ್ರತಿದಿನ ಸಾಲಾಗಿ ನಗರಸಭೆವರೆಗೆ ನಡೆದರು. ಮನೆಬಾಡಿಗೆ, ಅಕ್ಕಿಬೇಳೆ, ಮಕ್ಕಳ ಔಷಧಿಗೆ ಚರ್ಚುಗಳಲ್ಲಿ ಕೂಡಿಸಿದ ಹಣ, ಬೇರೆ ಊರಿನ ಸಂಘಗಳು ಕಳಿಸಿದ ಹಣ. ಎರಡು ತಿಂಗಳು ಸಂಬಳವಿಲ್ಲದ 1,300 ಮನೆಗಳ ಒಲೆ ಉರಿಯಬೇಕಿತ್ತು. ಕೊರ್ನೀಲಿಯಾ ಕ್ರೆನ್‌ಶಾ ಅವರಂಥ ಮಹಿಳೆಯರು ಆ ಹೊರೆ ಹೊತ್ತರು. ಇತಿಹಾಸದಲ್ಲಿ ಭಾಷಣಗಳಿಗೆ ಸಿಕ್ಕ ಜಾಗ ಈ ಒಲೆಗಳಿಗೆ ಸಿಕ್ಕಿಲ್ಲ.

ಗೆರೆ ಎಳೆದ ಒಂದು ಪದ

ಲಾಸನ್ ಕರೆದರು, ಕಿಂಗ್ ಬಂದರು. ಆ ವರ್ಷ ಅವರು ದೇಶದ ಎಲ್ಲ ಬಣ್ಣದ ಬಡವರನ್ನು ವಾಷಿಂಗ್ಟನ್‌ಗೆ ಕರೆದೊಯ್ಯುವ ದೊಡ್ಡ ಚಳವಳಿಯ ತಯಾರಿಯಲ್ಲಿದ್ದರು. 1964 ಮತ್ತು 65ರ ಕಾನೂನುಗಳು ಕಪ್ಪು ಜನರಿಗೆ ಹೋಟೆಲಿನ ಬಾಗಿಲನ್ನೂ ಮತಗಟ್ಟೆಯನ್ನೂ ತೆರೆದಿದ್ದವು. ಮಾರ್ಚ್ 18ರ ರಾತ್ರಿ ಮೇಸನ್ ಟೆಂಪಲ್ ಎಂಬ ಚರ್ಚಿನಲ್ಲಿ ಸೇರಿದ್ದ ಸಾವಿರಾರು ಜನರ ಮುಂದೆ ಅವರು ಕೇಳಿದ್ದು ಅದರ ಮುಂದಿನ ಪ್ರಶ್ನೆ: ತಿಂಡಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಬಿಳಿಯರ ಪಕ್ಕ ಕೂತು ತಿನ್ನುವ ಹಕ್ಕು ಸಿಕ್ಕಿ ಏನು ಬಂತು? ಮಾರ್ಚ್ 22ಕ್ಕೆ ಇಡೀ ಊರು ಕೆಲಸ ನಿಲ್ಲಿಸಲಿ ಎಂದು ಕರೆಕೊಟ್ಟರು. ಅಂದು ಅಪರೂಪದ ಹಿಮ ಬಿತ್ತು, 16 ಇಂಚು. ಮೆರವಣಿಗೆ 28ಕ್ಕೆ ಮುಂದೆ ಹೋಯಿತು.

28ರಂದು ಎಲ್ಲವೂ ಕೆಟ್ಟಿತು. ಫಲಕ ಕಟ್ಟಿದ್ದ ಕೋಲುಗಳನ್ನೇ ಕಿತ್ತು ಕೆಲವು ಹುಡುಗರು ಅಂಗಡಿಗಳ ಗಾಜು ಒಡೆದರು. ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಚರ್ಚಿನವರೆಗೂ ಅಟ್ಟಿಸಿಕೊಂಡು ಹೋದರು. ಲ್ಯಾರಿ ಪೇನ್ ಎಂಬ 16 ವರ್ಷದ ಹುಡುಗ ಪೊಲೀಸರ ಗುಂಡಿಗೆ ಸತ್ತ. ಸಂಜೆಯಾಗುತ್ತಲೇ ಕರ್ಫ್ಯೂ, ರಾಜ್ಯದ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ ಸುಮಾರು 4,000 ಸೈನಿಕರು. ಅಹಿಂಸೆಯ ನಾಯಕನ ಮೆರವಣಿಗೆಯಲ್ಲಿ ಹಿಂಸೆ ಎಂದು ದೇಶದ ಪತ್ರಿಕೆಗಳು ಕಿಂಗ್ ಮೇಲೆ ಮುಗಿಬಿದ್ದವು. ಮರುದಿನ ಏನಾಯಿತೆಂಬುದನ್ನು ಅಷ್ಟು ಮಂದಿ ಬರೆಯಲಿಲ್ಲ. ಕಾರ್ಮಿಕರು ಮತ್ತೆ ಅದೇ ಚರ್ಚಿನಿಂದ ಹೊರಟರು. ರಸ್ತೆಯ ಇಕ್ಕೆಲದಲ್ಲೂ ಬಂದೂಕಿಗೆ ಬಾಕು ಸಿಕ್ಕಿಸಿದ ಸೈನಿಕರು, ಟ್ಯಾಂಕಿನಂಥ ಕವಚದ ಗಾಡಿಗಳು. ನಡುವೆ ಒಬ್ಬರ ಹಿಂದೊಬ್ಬರಂತೆ, ಕೊರಳಿಗೆ ಫಲಕ ತೂಗುಹಾಕಿಕೊಂಡು ಮೌನವಾಗಿ ನಡೆದರು.

ಫಲಕದಲ್ಲಿದ್ದದ್ದು ನಾಲ್ಕೇ ಪದ: ಐ ಆ್ಯಮ್ ಎ ಮ್ಯಾನ್. ಎರಡನೇ ಪದದ ಕೆಳಗೆ ಗೆರೆ. ಅಚ್ಚಾದದ್ದು ಕ್ಲೇಬೋರ್ನ್ ಟೆಂಪಲ್‌ನಲ್ಲೇ. ಕನ್ನಡಕ್ಕೆ ತರಲು ಕೂತರೆ ಕೈ ತಡೆಯುತ್ತದೆ. ‘ನಾನೂ ಮನುಷ್ಯ’ ಎಂದು ಬರೆಯುವುದು ರೂಢಿ. ಆ ‘ನಾನೂ’ ಎಂಬುದರಲ್ಲಿ, ನನ್ನನ್ನೂ ಸೇರಿಸಿಕೊಳ್ಳಿ ಎಂಬ ಬಿನ್ನಹದ ದನಿಯಿದೆ. ಫಲಕದಲ್ಲಿ ಬಿನ್ನಹ ಇರಲಿಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ, ಅಂದರೆ ಹಿಂದೆ ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ, ಅರವತ್ತು ದಾಟಿದ ಕಪ್ಪು ಮುದುಕನನ್ನೂ ಬಿಳಿಯ ಪೋರನೊಬ್ಬ ‘ಬಾಯ್’ ಎಂದು ಕೂಗುತ್ತಿದ್ದ. ನಮ್ಮಲ್ಲಿ ಹಿರಿಯರನ್ನು ‘ಲೇ, ಬಾರೋ’ ಎಂದು ಏಕವಚನದಲ್ಲಿ ಕೂಗುವಾಗ ಆಗುವ ಗಾಯವೇ ಅದು. ‘ಮ್ಯಾನ್’ ಎಂಬುದು ಆ ಕೂಗಿಗೆ ಕೊಟ್ಟ ಉತ್ತರ. ಗೆರೆ ಎಳೆದ ‘ಆ್ಯಮ್’ಗೆ ಕನ್ನಡದಲ್ಲಿ ಬೇರೆ ಪದವೇ ಇಲ್ಲ, ‘ನಾನು ಗಂಡಸು, ಹೌದು’ ಎಂದಾಗ ಆ ‘ಹೌದು’ ಹೊರುವ ಭಾರ ಅದರದು. ಈ ಫಲಕಕ್ಕೂ ಸಂಬಳ ಚೀಟಿಯ ಸಾಲಿಗೂ ನನಗೆ ಅಂತರ ಕಾಣುವುದಿಲ್ಲ. ಒಂದನ್ನು ಕೊರಳಲ್ಲಿ ಹಾಕಿಕೊಂಡರು, ಇನ್ನೊಂದನ್ನು ನಗರದ ಕೈಯಲ್ಲಿ ಬರೆಸಲು ಹೊರಟಿದ್ದರು.

ಈ ಫಲಕ ಹಿಡಿದು ನಿಂತವರ ಅತಿ ಪ್ರಸಿದ್ಧ ಚಿತ್ರ ತೆಗೆದವರು ಮೆಂಫಿಸ್‌ನವರೇ ಆದ ಅರ್ನೆಸ್ಟ್ ವಿದರ್ಸ್. ಅವರು ಕೇಂದ್ರ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐಗೆ ಸುದ್ದಿ ಕೊಡುತ್ತಿದ್ದರೆಂಬುದು 2010ರಲ್ಲಿ, ಅವರು ತೀರಿಕೊಂಡ ಮೇಲೆ ಬಯಲಾಯಿತು. ಚಳವಳಿಗಾರರ ಮೇಲೆ ಕಣ್ಣು ಎಷ್ಟು ಹತ್ತಿರದಿಂದ ನೆಟ್ಟಿತ್ತೆಂದು ಇದರಿಂದ ಊಹಿಸಬಹುದು.

ಶಾಂತಿಯುತ ಮೆರವಣಿಗೆ ನಡೆಸಿ ತೋರಿಸಲೇಬೇಕೆಂದು ಕಿಂಗ್ ಏಪ್ರಿಲ್ 3ಕ್ಕೆ ಮರಳಿ ಬಂದರು. ಅವತ್ತು ರಾತ್ರಿ ಬಿರುಗಾಳಿ ಮಳೆಯ ನಡುವೆ ಮೇಸನ್ ಟೆಂಪಲ್‌ನಲ್ಲಿ ಅವರ ಕೊನೆಯ ಭಾಷಣ. 4ರ ಸಂಜೆ 6 ಗಂಟೆ 1 ನಿಮಿಷಕ್ಕೆ ಲೊರೇನ್ ಮೋಟೆಲಿನ 306ನೇ ಕೋಣೆಯ ಹೊರಗೆ ಗುಂಡು ತಗುಲಿತು. ಹೊಡೆದದ್ದು ತಾನೆಂದು ಜೇಮ್ಸ್ ಅರ್ಲ್ ರೇ ಮರುವರ್ಷ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಏಪ್ರಿಲ್ 8ರಂದು ಕೊರೆಟ್ಟಾ ಕಿಂಗ್ ಮಕ್ಕಳ ಜೊತೆ ಮೆಂಫಿಸ್‌ಗೆ ಬಂದು, ಗಂಡ ನಡೆಸಬೇಕಿದ್ದ ಮೆರವಣಿಗೆಯನ್ನು ತಾವೇ ಮುನ್ನಡೆಸಿದರು. ಗಂಡನನ್ನು ಇನ್ನೂ ಮಣ್ಣು ಮಾಡಿರಲಿಲ್ಲ. ಹತ್ತಾರು ಸಾವಿರ ಜನ, ಘೋಷಣೆಯಿಲ್ಲದೆ ನಡೆದರು.

ಪತ್ತಿನ ಸಂಘದ ದಾರಿ

ಕಿಂಗ್ ಸಾವಿನ ನಂತರವೂ ಲೋಬ್ ಚಂದಾ ವಿಷಯದಲ್ಲಿ ಕದಲಲಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ ಕಾರ್ಮಿಕ ಇಲಾಖೆಯ ಜೇಮ್ಸ್ ರೆನಾಲ್ಡ್ಸ್ ಅವರನ್ನು ಸಂಧಾನಕ್ಕೆ ಕಳಿಸಿದರು. ದಿನಗಟ್ಟಲೆ ಮಾತುಕತೆಯಾಗಿ ಕೊನೆಗೆ ದಾರಿ ಸಿಕ್ಕಿತು. ನೌಕರರದೇ ಒಂದು ಪತ್ತಿನ ಸಂಘವಿತ್ತು. ಸಾಲ, ಉಳಿತಾಯದ ಕಂತನ್ನು ನಗರ ಮೊದಲಿಂದಲೂ ಸಂಬಳದಲ್ಲಿ ಹಿಡಿದು ಅದಕ್ಕೆ ಕಳಿಸುತ್ತಿತ್ತು. ಕಾರ್ಮಿಕ ತನ್ನ ಚಂದಾವನ್ನೂ ಅಲ್ಲಿಗೆ ಹಿಡಿಸಿ, ಪತ್ತಿನ ಸಂಘ ಅದನ್ನು ಕಾರ್ಮಿಕ ಸಂಘಕ್ಕೆ ದಾಟಿಸಲಿ ಎಂದು ತೀರ್ಮಾನವಾಯಿತು. ನಗರ ನೇರವಾಗಿ ಕೊಡಲಿಲ್ಲ ಎಂದು ಮೇಯರ್ ಹೇಳಿಕೊಳ್ಳಬಹುದು, ಸಂಬಳ ಚೀಟಿಯಿಂದ ಹಣ ಬಂತು ಎಂದು ಕಾರ್ಮಿಕರು ಹೇಳಬಹುದು. ಇಷ್ಟು ಸರಳ ಉಪಾಯ ಫೆಬ್ರವರಿಯಲ್ಲೇ ಮಾಡಬಹುದಾಗಿತ್ತು ಎಂದು ಯೋಚಿಸಿದರೆ ಎದೆ ಹಿಂಡುತ್ತದೆ.

ಕೂಲಿ ಮೇ 1ರಿಂದ ಗಂಟೆಗೆ 10 ಸೆಂಟ್, ಸೆಪ್ಟೆಂಬರ್ 1ರಿಂದ ಇನ್ನೂ 5 ಸೆಂಟ್ ಏರಿತು. ಬಡ್ತಿಯಲ್ಲಿ ಬಣ್ಣ ನೋಡುವಂತಿಲ್ಲ, ದೂರಿಗೆ ಕ್ರಮವಿರಬೇಕು ಎಂಬುದೂ ಒಪ್ಪಂದಕ್ಕೆ ಬಂತು. ಆ ಹಣಕಾಸು ವರ್ಷದಲ್ಲಿ ಏರಿಕೆಗೆ ದುಡ್ಡಿಲ್ಲ ಎಂದಾಗ ಊರಿನ ಔಷಧ ಉದ್ಯಮಿ ಏಬ್ ಪ್ಲೌ ಸದ್ದಿಲ್ಲದೆ ಕೊಟ್ಟರು. ಏಪ್ರಿಲ್ 16ರಂದು ಕ್ಲೇಬೋರ್ನ್ ಟೆಂಪಲ್‌ನಲ್ಲಿ ಕಾರ್ಮಿಕರು ಎದ್ದುನಿಂತು ಒಪ್ಪಿಗೆ ಕೊಟ್ಟರು.

ಆ ಚರ್ಚಿನ ಪಕ್ಕ 2018ರಲ್ಲಿ ಮುಷ್ಕರದವರ ಹೆಸರು ಕೆತ್ತಿದ ಸ್ಮಾರಕ ಎದ್ದಿತು. ಚರ್ಚು 2025ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು.

ಒಂದು ಲೆಕ್ಕ ಮಾತ್ರ ಬಾಕಿ ಉಳಿಯಿತು. ಒಪ್ಪಂದದ ಹೊತ್ತಿಗೆ ಕಾರ್ಮಿಕರು ನಗರದ ಪಿಂಚಣಿಯ ಬದಲು ಕೇಂದ್ರದ ಸಾಮಾಜಿಕ ಭದ್ರತಾ ಯೋಜನೆಯಲ್ಲಿ ಉಳಿದರು. ಆಗ ಅದು ಸರಿಯೆನಿಸಿತ್ತು. ಮುಪ್ಪು ಬಂದಾಗ ಆ ಹಣ ಸಾಲಲಿಲ್ಲ. 2017ರಲ್ಲಿ ನಗರ, ಬದುಕುಳಿದಿದ್ದ 1968ರ ಮುಷ್ಕರದವರಿಗೆ ತಲಾ 50,000 ಡಾಲರ್ ಕೊಡುವುದಾಗಿ ಘೋಷಿಸಿ, ಆಮೇಲೆ ಅದನ್ನು 70,000ಕ್ಕೆ ಏರಿಸಿತು. ಆ ಘೋಷಣೆಯ ದಿನವೂ ಅವರಲ್ಲಿ ಕೆಲವರು ಮೆಂಫಿಸ್‌ನ ಕಸದ ಕೆಲಸದಲ್ಲೇ ಇದ್ದರು.